ಮಂಗಳಾರತಿ ಮುಗಿಯುವುದರೊಳಗಿನ ಸಾರು

ಲಿಂಬೆಸಿಪ್ಪೆ ಉಜ್ಜಿ ಉಜ್ಜಿ ಅವರ ಬೆರಳಸಂದುಗಳು ಬಿರಿದು ಬೆಳ್ಳಗಾಗಿದ್ದವು. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದ ಅವರು ರಕ್ತ ತೊಳೆದ ಕೈಗೆ ಸೋಪು ಸಾಕೆನ್ನುತ್ತಿದ್ದರು. ಲಿಂಬೆ ಬೇಕಾಗುತ್ತಿದ್ದುದು ಮೀನಿನ ವಾಸನೆ ಅಡಗಿಸಲು.

ರಾಯಚೂರಿನ ಒಂದು ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಬೇರೆಬೇರೆಯಾಗಿ ಬಾಡಿಗೆಗಿದ್ದೆವು. ಅವರು ದೇವದುರ್ಗದ ಕಡೆಯ ಮೀನುಗಾರರ ಮಗಳು. ನಾನು ಮಾನ್ವಿಯಿಂದ ಬಂದ ಅತಿಥಿ ಉಪನ್ಯಾಸಕಿ. ಮೇಲಿನ ಮನೆಯಲ್ಲಿದ್ದ ಮಾಲೀಕರ ಷರತ್ತು ಒಂದೇ: ಮಾಂಸ, ಮೀನು ಬೇಯಿಸಕೂಡದು. ಒಬ್ಬರ ಒಲೆಗೆ ಇನ್ನೊಬ್ಬರು ಕಾವಲು ಕೂರುವ ಈ ಅನ್ಯಾಯವನ್ನು ನಮ್ಮವರು ಸಂಸ್ಕಾರವೆಂದು ಕರೆಯುತ್ತಾರೆ.

ಟೈಫಾಯ್ಡ್ ಇಳಿದ ಮೇಲೂ ನನಗೆ ಅನ್ನ ಸೇರದಾಗ ಆಯಾ ಹೊಳೆಯ ಸೀಗಡಿ ತಂದರು, ಸಿಪ್ಪೆಯನ್ನು ಮಾರುಕಟ್ಟೆಯಲ್ಲೇ ಬಿಡಿಸಿಕೊಂಡು. ಹೀರೇಕಾಯಿ, ಗಜ್ಜರಿ, ಟೊಮೆಟೊ ಸಣ್ಣಗೆ ಹೆಚ್ಚಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಮೆಣಸಿನೊಂದಿಗೆ ಕುದಿಯಲಿಟ್ಟು, ಕಿವಿ ಮೇಲಕ್ಕೆ ಕೊಟ್ಟು ಕುಳಿತರು. ಮೇಲೆ ಸಂಜೆಯ ಪೂಜೆಯ ಗಂಟೆ ಕೇಳಿದ ಕೂಡಲೇ ಸೀಗಡಿಯನ್ನು ಪಾತ್ರೆಗೆ ಸುರಿದರು. ಮಂಗಳಾರತಿ ಮುಗಿಯುವುದರೊಳಗೆ ಅವು ಕೆಂಪಗೆ ಸುರುಟಿಕೊಂಡು, ಸಾರು ಒಲೆಯಿಂದ ಇಳಿದಿತ್ತು. ಒಗ್ಗರಣೆಯಿಲ್ಲ, ಎಣ್ಣೆ ಕಾದರೆ ವಾಸನೆ ಮೆಟ್ಟಿಲು ಹತ್ತುತ್ತದೆ.

"ಬಿಸಿ ಇದ್ದಾಗ ಕುಡಿ ಯವ್ವಾ. ಮ್ಯಾಲ ಲೋಬಾನದ ಹೊಗಿ ಹಾಕ್ಯಾರ, ಯಾರ ಮೂಗಿಗೂ ಏನೂ ತಿಳಿಯಂಗಿಲ್ಲ. ದೇವ್ರು ನಮ್ಮ ಪಾರ್ಟಿ," ಎಂದು ನಕ್ಕರು.

ಎಷ್ಟು ಹಗುರ, ಎಷ್ಟು ಬೇಗ ಎಂದು ಅವರು ದಿನವೂ ಮಾಡಿಕೊಟ್ಟ ಆ ಸಾರನ್ನು ನಾನು ಹೊಗಳಿದೆ. ಅದನ್ನು ಹಾಗೆ ಮಾಡಿದ್ದು ಭಯ ಎಂಬುದು ತಡವಾಗಿ ಹೊಳೆಯಿತು. ಹೊಳೆದ ದಿನವೇ, ಆಯಾರನ್ನು ಒಂದು ಮಾತೂ ಕೇಳದೆ, ಮೆಟ್ಟಿಲು ಹತ್ತಿದೆ. ಆಹಾರದ ಹಕ್ಕು, ಜಾತಿಯ ಅಹಂಕಾರ, ಒಂದನ್ನೂ ಬಿಡದೆ ಹೇಳಿದೆ. ದುಡಿದು ಬಂದ ಹೆಂಗಸು ಕದ್ದು ಅಡುಗೆ ಮಾಡಬೇಕೇ ಎಂದೆ. ನಾನೂ ಆ ಸಾರು ಕುಡಿದಿದ್ದೇನೆಂದು ಮಾತ್ರ ಹೇಳಲಿಲ್ಲ.

ಮಾಲೀಕರು ಸಾವಧಾನವಾಗಿ ಕೇಳಿಸಿಕೊಂಡರು. "ಹೌದೇನ್ರಿ ಮೇಡಂ? ನಮಗ ಇದು ಗೊತ್ತ ಇದ್ದಿಲ್ಲ ನೋಡ್ರಿ."

ಆ ತಿಂಗಳೇ ಆಯಾ ಕೋಣೆ ಖಾಲಿ ಮಾಡಬೇಕಾಯಿತು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತ ಅವರು ಅಂದರು: "ಭಾಳ ಚಂದ ಮಾತಾಡಿದ್ಯಂತ. ಮೊದಲ ನನ್ನ ಒಂದ ಮಾತು ಕೇಳಿದ್ರ ಇನ್ನಾ ಚಂದ ಇರ್ತಿತ್ತು."

ಯಾವ ಪೈಕಿಯವರು ಎಂಬ ಪ್ರಶ್ನೆಯಲ್ಲೇ ಬೇರೆ ಮನೆಗಳ ಬಾಗಿಲು ಮುಚ್ಚಿದವು. ಅವರು ದೇವದುರ್ಗದಿಂದ ಬಸ್ಸಿನಲ್ಲಿ ಓಡಾಡತೊಡಗಿದರು. ಬೆಳಗಿನ ಪಾಳಿಗೆ ಮೇಲಿಂದ ಮೇಲೆ ತಡವಾಯಿತೆಂದು ಗುತ್ತಿಗೆದಾರ ಕೆಲಸದಿಂದ ತೆಗೆದ. ಮಾಲೀಕರ ತಪ್ಪನ್ನೂ ಗುತ್ತಿಗೆದಾರನ ತಪ್ಪನ್ನೂ ಹೆಸರು ಹಿಡಿದು ಹೇಳುವುದು ನನಗೆ ಕಷ್ಟವಲ್ಲ. ಆದರೆ ನಾನು ಆ ಮನೆ ಬಿಡಲಿಲ್ಲ. ಮಾಲೀಕರಿಗೆ ನನ್ನ ಮನೆತನ ಗೊತ್ತಿತ್ತು. ನನ್ನ ಮಾತನ್ನು ಓದಿದವರ ಹುಚ್ಚೆಂದು ನಕ್ಕು ಬಿಟ್ಟಿದ್ದರು. ಹೊಸ ಕರಾರುಪತ್ರದಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲು ಸೇರಿತ್ತು. ಓದಿಯೇ ಸಹಿ ಹಾಕಿದೆ.

ಕಳೆದ ವರ್ಷ ಆಯಾ ತೀರಿಕೊಂಡರು. ಅದಕ್ಕೂ ಮೊದಲು ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು.

"ಅದ ಮನಿಯಾಗ ಅದೀಯೇನ ಯವ್ವಾ?"

ಹೌದೆಂದು ತಲೆಯಾಡಿಸಿದೆ. ಅವರು ಒಂದು ಕಟಕಿಯ ಮಾತನ್ನಾದರೂ ಆಡಿದ್ದರೆ ಅಲ್ಲೇ ಕ್ಷಮೆ ಕೇಳುತ್ತಿದ್ದೆನೇನೋ.

"ಚಲೋ ಆತು ಬಿಡು," ಎಂದರು. "ನಿನಗ ಕಾಲೇಜು ಸಮೀಪ ಅದ."