ಅಬ್ಬಾಸನ ಮಿಲಿಟರಿ

ತಪ್ಪು ಯಾರದೆಂದು ಕೇಳಿದರೆ ಬೋರ್ಡಿನದೇ. ಸೈನ್ಯದಿಂದ ಬಂದ ಅಬ್ಬಾಸ್ ಕಾಪುವಿನ ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲ್ ಹಾಕಿ, ಹೆಮ್ಮೆಯಿಂದ ‘ಮಿಲಿಟರಿ ಹೋಟೆಲ್’ ಎಂದು ಬರೆಸಿದ. ಮಾಂಸದ ಊಟ ಸಿಗುವ ಹೋಟೆಲಿಗೆಲ್ಲ ನಾಡಿನಲ್ಲಿ ಅದೇ ಹೆಸರು ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ! ಜನ ಬಂದರು, ಕೋಳಿ ಸಾರು ಚಪ್ಪರಿಸಿದರು, ಅವನನ್ನು ‘ಮಿಲಿಟರಿ ಅಬ್ಬಾಸ್’ ಎಂದು ಕರೆದರು. ಅರುವತ್ತೆರಡರ ಯುದ್ಧದಲ್ಲಿ ಹಿಮದ ದಾರಿಯಲ್ಲಿ ಲಾರಿ ಓಡಿಸಿ, ಬಲಗಾಲಿನ ಬೆರಳುಗಳನ್ನು ಅಲ್ಲೇ ಬಿಟ್ಟು ಬಂದ ಮನುಷ್ಯ ಇವನು ಎಂದು ಯಾರೂ ತಿಳಿಯಲಿಲ್ಲ. ತಾನಾಗಿ ಹೇಳಿಕೊಳ್ಳಲು ಅವನಿಗೆ ನಾಚಿಕೆ. ಯಾರಾದರೂ ಕೇಳಲಿ ಎಂದು ಕಾದ. ಯಾರೂ ಕೇಳಲಿಲ್ಲ.

ಎಂಬತ್ತೈದರಲ್ಲಿ ಯುವಕ ಸಂಘದ ಕಾರ್ಯದರ್ಶಿ ವಾಸು ಊಟಕ್ಕೆ ಬಂದವನು ಕೈ ತೊಳೆಯುತ್ತ ಹೇಳಿದ: “ಅಬ್ಬಾಸಾಕ, ಆದಿತ್ಯವಾರ ಶಾಲೆಯ ಮೈದಾನದಲ್ಲಿ ‘ಹಳೇ ಕಾಲದ ಸಂಜೆ’ ಉಂಟು. ಸೈನಿಕರಿಗೆ ಸನ್ಮಾನ. ನೀವು ಬರಲೇಬೇಕು. ಹಳೇ ಉಡುಪಿನಲ್ಲೇ ಬನ್ನಿ, ಆಯ್ತಾ?”

ಅಬ್ಬಾಸನ ಎದೆ ಉಬ್ಬಿತು. ಅಂತೂ ಕೇಳಿದರಲ್ಲ! ಹೆಂಡತಿ ಖದೀಜಮ್ಮ ಪೆಟ್ಟಿಗೆಯ ತಳದಿಂದ ಸಮವಸ್ತ್ರ ತೆಗೆದು, ಹೊಟ್ಟೆಯ ಹತ್ತಿರ ಹೊಲಿಗೆ ಬಿಚ್ಚಿ ಅಗಲ ಮಾಡಿ, ಇಸ್ತ್ರಿ ಹಾಕಿ, ಪದಕ ಸಿಕ್ಕಿಸಿದಳು. “ಮೈಕಿನಲ್ಲಿ ನಿಮ್ಮ ಹೆಸರು ಹೇಳುವಾಗ ನಾನು ಕೇಳಬೇಕು” ಎಂದು ತಾನೂ ಹೊರಟಳು.

ಮೈದಾನದಲ್ಲಿ ಗ್ಯಾಸ್‌ಲೈಟು, ಗ್ರಾಮಫೋನು, ಗೋಲಿ ಸೋಡಾ. ಮುಂಡಾಸಿನ ಪಟೇಲರು, ಕೋಟು ಹಾಕಿದ ಗುಮಾಸ್ತರು, ಅಜ್ಜಿಯ ಸೀರೆ ಉಟ್ಟ ಹುಡುಗಿಯರು, ಎಲ್ಲರೂ ಹಳೇ ಕಾಲದವರೇ. ವೇದಿಕೆಯ ಮೇಲೆ ಸೈನಿಕರಿಗೆಂದು ಕುರ್ಚಿ ಹಾಕಿದ್ದರು. ಒಬ್ಬೊಬ್ಬರನ್ನೇ ಕರೆದರು. ಕಾರ್ಕಳದ ಹವಾಲ್ದಾರ್ ಮೌರಿಸ್ ಬಂದರು, ಉಡುಪಿಯವರು ಬಂದರು, ಶಾಲು ಹೊದೆಸಿದರು, ಚಪ್ಪಾಳೆ ಹೊಡೆದರು. ಪ್ರತಿ ಹೆಸರಿಗೂ ಅಬ್ಬಾಸ್ ಅಂಗಿ ಎಳೆದು ಸರಿ ಮಾಡಿಕೊಂಡ. ಕಡೆಗೆ ಸೈನಿಕರನ್ನೆಲ್ಲ ಒಳಗೆ ಕಾಫಿಗೆ ಕರೆದುಕೊಂಡು ಹೋದರು. ಖಾಲಿ ಕುರ್ಚಿಗಳನ್ನೂ ಎತ್ತಿದರು.

“ಹೆಸರು ಬಿಟ್ಟು ಹೋಗಿರಬೇಕು, ಕೇಳಿ ಮಾರಾಯ್ರೆ” ಎಂದಳು ಖದೀಜಮ್ಮ. ಕೇಳುವುದು ಹೇಗೆ? ಸನ್ಮಾನ ಕೇಳಿ ಪಡೆಯುವುದಾ, ಥೂ!

ಅಷ್ಟರಲ್ಲಿ ಮೈಕು ಕೂಗಿತು: “ಮಿಲಿಟರಿ ಹೋಟೆಲಿನ ಅಬ್ಬಾಸ್ ಬ್ಯಾರಿಯವರು!”

ಖದೀಜಮ್ಮನ ಕಣ್ಣು ತುಂಬಿತು. ಅಬ್ಬಾಸ್ ಎದ್ದು, ಬಲಗಾಲು ಎಳೆಯುತ್ತ ಮೆಟ್ಟಿಲು ಹತ್ತಿ, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಮೈದಾನವೆಲ್ಲ ಶಿಳ್ಳೆ.

“ಛದ್ಮವೇಷದಲ್ಲಿ ಪ್ರಥಮ ಬಹುಮಾನ!” ಎಂದ ವಾಸು. “ಎಂತ ವೇಷ ಮಾರಾಯ್ರೆ! ಆ ಪದಕ ನೋಡಿ, ಆ ಕುಂಟು ನೋಡಿ! ಕುಂಟಿದ್ದಕ್ಕೆ ಮಣಿಪಾಲದ ತೀರ್ಪುಗಾರರು ಬೇರೆಯೇ ಅಂಕ ಕೊಟ್ಟಿದ್ದಾರೆ!” ಎಂದು ಒಂದು ಪ್ಲಾಸ್ಟಿಕ್ ಸಾಬೂನು ಡಬ್ಬಿಯನ್ನು ಅವನ ಕೈಗೆ ತುರುಕಿದ.

ಅಬ್ಬಾಸನಿಗೆ ತಲೆ ಕೆಟ್ಟಿತು. ಇಷ್ಟು ವರ್ಷ ಬಾಯಿ ಬಿಡದವನು ಮೈಕು ಕಿತ್ತುಕೊಂಡ. “ಇದು ವೇಷ ಅಲ್ಲ! ನಾನು ಸೈನಿಕ! ನನ್ನ ಜೊತೆಯವರು ಹಿಮದಲ್ಲಿ ಸತ್ತಿದ್ದಾರೆ!” ಧ್ವನಿ ಒಡೆಯಿತು, ಕಣ್ಣೀರೂ ಬಂತು.

ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. “ಆಹಾ, ಎಂತ ಅಭಿನಯ!” ಎಂದು ಯಾರೋ ಕೂಗಿದರು. “ಇನ್ನೊಮ್ಮೆ, ಬ್ಯಾರಿಗಳೇ, ಇನ್ನೊಮ್ಮೆ!” ಎಂದು ಹಿಂದಿನವರು ಗಲಾಟೆ ಎಬ್ಬಿಸಿದರು.

ಖದೀಜಮ್ಮ ಮೆಟ್ಟಿಲ ಬುಡಕ್ಕೆ ಬಂದು ಅವನ ಕೈ ಹಿಡಿದು ಇಳಿಸಿಕೊಂಡಳು.

ಬೆಳಗಾದದ್ದೇ ಅಬ್ಬಾಸ್ ಸುಣ್ಣದ ಡಬ್ಬಿ ಹಿಡಿದು ಸ್ಟೂಲು ಹತ್ತಿದ. ‘ಮಿಲಿಟರಿ’ ಎಂಬುದರ ಮೇಲೆ ಕುಂಚ ಎಳೆದೆಳೆದು, ಒಂದು ಗುಡಿಸೂ ಕಾಣದ ಹಾಗೆ ಅಳಿಸಿಬಿಟ್ಟ. ಇನ್ನು ಆ ಹೆಸರಿನ ಸಹವಾಸವೇ ಬೇಡ. ಬರೀ ‘ಹೋಟೆಲ್’ ಉಳಿಯಿತು.

ಮಧ್ಯಾಹ್ನ ದೋಣಿ ಕೆಲಸದ ಕಿಟ್ಟ ಹಸಿದುಕೊಂಡು ಬಂದವನು ಬೋರ್ಡು ನೋಡಿ ಬಾಗಿಲಲ್ಲೇ ನಿಂತ.

“ಎಂತ ಅಬ್ಬಾಸಾಕ, ಮಿಲಿಟರಿ ಬಿಟ್ರಾ?”

“ಹೌದು, ಬಿಟ್ಟೆ” ಎಂದ ಅಬ್ಬಾಸ್.

“ಅಯ್ಯೋ! ಹಾಗಾದ್ರೆ ಇವತ್ತು ಬರೀ ತರಕಾರಿಯಾ?”

ಅಬ್ಬಾಸ್ ಅವನನ್ನೇ ನೋಡಿದ. ಬೈಯಬೇಕೆಂದು ಬಾಯಿ ತೆರೆದ, ಯಾವ ಬೈಗುಳವೂ ಸಾಲದೆನಿಸಿತು.

“ಕೋಳಿ ಉಂಟು. ಕೂತ್ಕೋ.”

“ಹಾಗೆ ಹೇಳಿ ಮತ್ತೆ!” ಕಿಟ್ಟ ನಿರಾಳವಾಗಿ ಬೆಂಚಿನ ಮೇಲೆ ಕುಳಿತ. “ಕೋಳಿ ಉಂಟಾದ್ರೆ ಮಿಲಿಟರಿಯೇ ಅಲ್ವಾ!”