ಹಿಂದಿನ ಸೀಟು

ತೊಕ್ಕೊಟ್ಟಿನ ಆ ಹಳೆ ಕಾರುಗಳ ಬ್ರೋಕರ್ ಯಾವ ಕಾರಿನದ್ದೇ ಆಗಲಿ, ಇಂಜಿನ್ ನೋಡುವ ಮೊದಲು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. "ಮುಂದೆ ಕೂತು ಎಲ್ಲರೂ ನೋಡ್ತಾರೆ ಮಾರಾಯ" ಎನ್ನುತ್ತಿದ್ದ.

ಅಕ್ಕನ ಹೆರಿಗೆಗೆ ಅಮ್ಮನನ್ನು ಮುಂಬೈಗೆ ಮುಟ್ಟಿಸಬೇಕಿತ್ತು. ಮಂಡಿ ನೋವಿನ ಅಮ್ಮನಿಗೆ ರೈಲು ಹತ್ತಲು ಆಗುತ್ತಿರಲಿಲ್ಲ. ಮಾರಾಟಕ್ಕಿದ್ದವುಗಳಲ್ಲಿ ನನ್ನ ಕೈಗೆಟುಕಿದ್ದು ಒಂದೇ ಕಾರು. ಬ್ರೋಕರ್ ಅದರಲ್ಲಿ ಕೂತವನು ತಟ್ಟನೆ ಇಳಿದ.

"ಇದು ಬೇಡ."

"ಎಂತ ತೊಂದರೆ ಉಂಟು?"

ಅವನು ಹಿಂದಿನ ಬಾಗಿಲು ಮುಚ್ಚಿದ. ನಾನು ಸಿಟ್ಟಿನಲ್ಲಿ ಅದನ್ನು ತೆರೆದು, ಜೊತೆಗೆ ಬಂದಿದ್ದ ಅಮ್ಮನನ್ನು ಹಿಂದೆ ಕೂರಿಸಿದೆ. ಇಡೀ ಸೀಟು ಖಾಲಿ ಇದ್ದರೂ ಅಮ್ಮ ಬಾಗಿಲಿಗೆ ಒತ್ತಿಕೊಂಡು ಕೂತಳು.

"ಸರಿ ಕೂತ್ಕೋ ಅಮ್ಮ."

"ಆಚೆ ಜಾಗ ಎಲ್ಲಿ ಉಂಟು ಮಗಾ?"

ಬ್ರೋಕರ್ ಆಚೆ ಬದಿಯ ಬಾಗಿಲು ತೆರೆದು, ಯಾರೋ ಇಳಿಯಲಿ ಎಂಬಂತೆ ಹಿಡಿದು ನಿಂತ. ಬಹಳ ಹೊತ್ತು ನಿಂತ. ಕೊನೆಗೆ ಮೆಲ್ಲನೆ ಮುಚ್ಚಿ, ಈಚೆ ಬಂದು ಅಮ್ಮನಿಗೆ ಕೈ ಕೊಟ್ಟ.

"ನೀವು ಇಳೀರಿ ಅಮ್ಮ. ಅವರು ಇಳಿಯುವುದಿಲ್ಲ."