ಸಾನುಗೆ ಈಜು ಬರುತ್ತಿರಲಿಲ್ಲ

ರೋಹಿತ್, ನಿನ್ನ ತಂಗಿಗೆ ಈಜು ಬರುತ್ತಿರಲಿಲ್ಲ. ಒಂದು ಮಾರು ದೂರ ಕೂಡ ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅಮ್ಮನ ಎದುರು ನಿಂತು, ಚೆನ್ನಾಗಿ ಬರುತ್ತದೆ ಎಂದು ಹೇಳಿದವಳು ನಾನು. ಹನ್ನೊಂದು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡಿದ್ದೇನೆ, ಮಲಗಿದ್ದೇನೆ, ಮಗನ ಮದುವೆಯನ್ನೂ ಮಾಡಿದ್ದೇನೆ.

ಆಗ ನಿನಗೆ ಹತ್ತು ವರ್ಷ. ನಿನಗೆ ಏನೇನು ನೆನಪಿದೆಯೋ ನಾನರಿಯೆ — ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಾವು ಗದಗದ ಕಡೆಯವರು. ಅಪ್ಪ ಸಾಂಗೆಯ ಗಣಿಯಲ್ಲಿ ದುಡಿಯಲು ಗೋವಾಕ್ಕೆ ಬಂದ. ಅವನು ತೀರಿಹೋದ ಮೇಲೆ ಅವ್ವ ಬಾಣಾವಲಿಯ ಸಮುದ್ರದ ದಂಡೆಯಲ್ಲಿ ಬಟ್ಟೆ ಹಾಸಿ ಮಣಿಸರ, ಕನ್ನಡಿ ಕೂರಿಸಿದ ಚೀಲಗಳನ್ನು ಮಾರುತ್ತಿದ್ದಳು. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಮಡಗಾಂವದ ನಿಮ್ಮ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ಬಂದಾಗ ಸಾನು ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಿನ್ನ ಅಪ್ಪ ವೆರ್ಣಾದ ಕಾರ್ಖಾನೆಯಲ್ಲಿ ಮ್ಯಾನೇಜರು, ಅಮ್ಮ ಕಾಲೇಜಿನಲ್ಲಿ ಪಾಠ ಹೇಳುವವರು. ಇಬ್ಬರೂ ಧಾರವಾಡದವರು. ಕನ್ನಡದ ಮನೆ ಸಿಕ್ಕಿತೆಂದು ನಾನು ಎಷ್ಟು ಹಿಗ್ಗಿದ್ದೆ!

ಸಾನುಗೆ ಆರು ತುಂಬಿದ ವರ್ಷ ಅಮ್ಮ ಅವಳನ್ನು ಈಜಿನ ಕ್ಲಾಸಿಗೆ ಸೇರಿಸಿದರು. ನಿನಗೆ ಅಷ್ಟರಲ್ಲಿ ಈಜು ಬಂದಿತ್ತು. ವಾರಕ್ಕೆ ಎರಡು ದಿನ, ಸಂಜೆ ನಾಲ್ಕಕ್ಕೆ, ಬಾಣಾವಲಿಯ ಒಂದು ಹೋಟೆಲಿನ ಕೊಳದಲ್ಲಿ. ಕರೆದೊಯ್ಯುವುದು, ಕೂತು ಕಾಯುವುದು, ಕರೆತರುವುದು — ನನ್ನ ಕೆಲಸ.

ಮೂರನೆಯ ದಿನ ಅವಳು ನನ್ನ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಶಾಂತಕ್ಕಾ, ನೀರು ಬ್ಯಾಡ. ಮೂಗಿನಾಗ ಹೋಗ್ತದ. ಬ್ಯಾಡ." ಕಲಿಸುವ ಮಾಸ್ತರರು ದೂರದಲ್ಲಿದ್ದರು. ನಾನು ಅವಳನ್ನು ಎತ್ತಿಕೊಂಡು ಹೊರಗೆ ಬಂದೆ.

ಮಗುವಿನ ಅಳು ನೋಡಲಾಗದೆ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ — ಅರ್ಧಕ್ಕಿಂತಲೂ ಕಡಿಮೆ. ಹೋಟೆಲಿನಿಂದ ಹತ್ತು ನಿಮಿಷ ನಡೆದರೆ ಅವ್ವ ಕೂರುವ ಜಾಗ. ಅವ್ವನಿಗೆ ಮಂಡಿನೋವು, ಸಂಜೆ ಗಿರಾಕಿಗಳು ಬರುವ ಹೊತ್ತಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಆ ಎರಡು ಸಂಜೆ ನಾನು ಅವ್ವನ ಜೊತೆ ಇರಬಹುದಲ್ಲ... ಸಾನುವಿನ ಅಳು ನನಗೆ ಒಂದು ನೆವವಾಯಿತು.

ಮಾಸ್ತರರಿಗೆ, ಮಗುವಿಗೆ ಕಿವಿ ನೋವು, ಇನ್ನು ಸ್ವಲ್ಪ ದಿನ ಬರುವುದಿಲ್ಲ ಎಂದು ಹೇಳಿದೆ. ಅವರು ಮತ್ತೆ ಕೇಳಲಿಲ್ಲ. ಮೂರು ತಿಂಗಳು ಸಾನು ಮರಳಿನ ಮೇಲೆ ಅವ್ವನ ಪಕ್ಕ ಕೂತು ಮಣಿ ಪೋಣಿಸಿದಳು. ಮನೆಗೆ ಹೊರಡುವ ಮೊದಲು ದಂಡೆಯ ನಲ್ಲಿಯ ಕೆಳಗೆ ಅವಳ ಈಜುಡುಗೆಯನ್ನು ತೋಯಿಸುತ್ತಿದ್ದೆ, ತಲೆಗೂದಲನ್ನೂ ತೋಯಿಸುತ್ತಿದ್ದೆ. ಮೊದಲ ದಿನವೇ ಅವಳಿಗೆ ಹೇಳಿದ್ದೆ: "ಮನ್ಯಾಗ ಯಾರಿಗೂ ಹೇಳಬ್ಯಾಡವ್ವಾ. ನನ್ನಾಣಿ ಐತಿ." ಆಣೆ ಎಂದರೇನು ಎಂದು ಕೇಳಿದಳು. ನೀ ಹೇಳಿದರೆ ಶಾಂತಕ್ಕ ನಿಮ್ಮ ಮನೆಗೆ ಬರುವುದಿಲ್ಲ ಎಂದು ಅರ್ಥ — ಎಂದೆ.

ಆಮೇಲೆ ಇಟಲಿಯ ಮಾತು ಬಂತು. ಮೇ ತಿಂಗಳ ರಜೆಗೆ ಅಲ್ಲಿಯ ಹಳ್ಳಿಗಾಡಿನಲ್ಲಿ ಹದಿನೈದು ದಿನ. ಊರೂರು ಸುತ್ತುವುದು ಬೇಡ, ಒಂದೇ ಮನೆಯಲ್ಲಿರೋಣ, ಮಕ್ಕಳು ಹೊಲದಲ್ಲಿ ಓಡಾಡಲಿ ಎಂದು ಅಮ್ಮನ ಆಸೆ. ಸಂಜೆ ಕಾಲೇಜಿನಿಂದ ಬಂದವರೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ನೀನು ಅಲ್ಲಿ ಸೈಕಲ್ ಸಿಗುತ್ತದೆಯೇ ಎಂದು ದಿನಾ ಕೇಳುತ್ತಿದ್ದೆ. ಸಾನುಗೆ ಕತ್ತೆ ನೋಡಬೇಕಿತ್ತು. ಯಾವ ಮನೆಯ ಚಿತ್ರ ಬಂದರೂ, "ಇಲ್ಲಿ ಕತ್ತಿ ಅದನ?" ಎಂದು ಕೇಳುತ್ತಿದ್ದಳು. ಆ ಮನೆಯಲ್ಲಿ ನಾನು ಕಂಡ ಅತ್ಯಂತ ಸುಖದ ದಿನಗಳು ಅವು.

ಕಡೆಗೆ ಎರಡು ಮನೆ ಉಳಿದವು. ಒಂದು ಊರೊಳಗಿನ ಓಣಿಯಲ್ಲಿ, ಹಿಂದೆ ಸಣ್ಣ ಅಂಗಳ. ಇನ್ನೊಂದು ಆಲಿವ್ ಮರಗಳ ನಡುವೆ, ಗುಡ್ಡದ ಮೇಲೆ. ಕತ್ತೆಯೂ ಇತ್ತು, ಅಂಗಳದಲ್ಲೇ ಈಜುಕೊಳವೂ ಇತ್ತು. ಕೊಳಕ್ಕೆ ಬೇಲಿ ಇರಲಿಲ್ಲ. ಅಮ್ಮ ಆ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದರು. ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ.

"ಶಾಂತಾ, ಸಾನು ಈಗ ಎಷ್ಟು ಈಜತಾಳ? ಖರೇ ಹೇಳು. ಅದರ ಮ್ಯಾಲೇ ಮನಿ ಗೊತ್ತು ಮಾಡತೀನಿ."

ಸಾನು ಮೇಜಿನ ಆ ಬದಿಗೆ ಕೂತು ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿ ನನ್ನನ್ನೇ ನೋಡಿದಳು.

"ಚಲೋ ಈಜತಾಳ್ರೀ ಅಕ್ಕಾರ. ಈ ದಂಡಿಯಿಂದ ಆ ದಂಡಿ ಮುಟ್ಟತಾಳ" ಎಂದೆ ನಾನು.

"ಹೌದೇನ ಸಾನು?"

"ಹೌದಮ್ಮಾ" ಎಂದಳು ಅವಳು.

ಆರು ವರ್ಷದ ಮಗು — ನನ್ನನ್ನು ಉಳಿಸಲು ಸುಳ್ಳು ಹೇಳಿತು.

ಅಮ್ಮ ಗುಡ್ಡದ ಮೇಲಿನ ಮನೆಯನ್ನು ಗೊತ್ತು ಮಾಡಿದರು.

ಅಂದೇ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ನೀವು ಹೊರಡಲು ಇನ್ನೂ ಎಂಟು ವಾರವಿತ್ತು. ಅಷ್ಟರಲ್ಲಿ ನಿಜವಾಗಿಯೇ ಕ್ಲಾಸಿಗೆ ಕರೆದೊಯ್ದಿದ್ದರೂ... ಬೈಯುತ್ತಾರೆ, ಕೆಲಸ ಬಿಡಿಸುತ್ತಾರೆ ಎಂದು ಹೆದರಿದೆ. ಅಮ್ಮ ಹೇಗೂ ಜೊತೆಗಿರುತ್ತಾರಲ್ಲ ಎಂದುಕೊಂಡೆ. ಹೊರಡುವ ದಿನ ಬೆಳಿಗ್ಗೆ ಸಾನುವಿನ ಜಡೆ ಹಾಕುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ಶಾಂತಕ್ಕಾ, ಅಲ್ಲಿ ನೀರು ಎಷ್ಟು ಆಳ ಇರ್ತದ?"

"ನೀ ದಂಡಿ ಮ್ಯಾಲೆ ಕೂಡು. ಇಳೀಬ್ಯಾಡ" ಎಂದೆ. ಎಂದು ರಿಬ್ಬನ್ ಕಟ್ಟಿದೆ. ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದರು, ರೋಹಿತ್.

ಹೋದ ಐದನೆಯ ದಿನ ನಿನ್ನ ಸೋದರತ್ತೆ ಫೋನ್ ಮಾಡಿದರು. ಊಟವಾದ ಮೇಲೆ ಮಕ್ಕಳಿಬ್ಬರೂ ಕೊಳದ ಹತ್ತಿರ ಇದ್ದರಂತೆ. ದೊಡ್ಡವರು ಒಳಗೆ ಪಾತ್ರೆ ತೊಳೆಯುತ್ತಿದ್ದರಂತೆ... ಮುಂದಿನದನ್ನು ನಾನು ಕೇಳಿಸಿಕೊಂಡೆನೋ ಇಲ್ಲವೋ.

ನೀವು ಮರಳಿ ಬಂದ ಮೇಲೆ, ತಂಪು ನೀರಿಗೆ ಸ್ನಾಯು ಹಿಡಿದಿರಬೇಕು ಎಂದು ಯಾರೋ ಹೇಳಿದರು. ಉಂಡ ಕೂಡಲೇ ನೀರಿನ ಹತ್ತಿರ ಬಿಟ್ಟದ್ದು ತನ್ನದೇ ತಪ್ಪು ಎಂದು ಅಮ್ಮ ಗೋಡೆಗೆ ತಲೆ ಒತ್ತಿ ಕೂತಿರುತ್ತಿದ್ದರು. ನಿನ್ನ ಅಪ್ಪ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತಿದ್ದರು. ಒಂದು ದಿನ ನನ್ನನ್ನೂ ಕೇಳಿದರು. "ಈಜು ಬರೋ ಹುಡುಗಿ ಹ್ಯಾಂಗ ಮುಳುಗತಾಳ, ಶಾಂತಾ? ಇಕಿ ನೋಡಲಿಲ್ಲ. ಇಕಿ ನೋಡಿದ್ರ ಕೂಸು ಉಳೀತಿತ್ತು." ಅಮ್ಮ ಅಲ್ಲೇ ಕೂತಿದ್ದರು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಉತ್ತರ ನನ್ನ ಬಾಯಲ್ಲೇ ಇತ್ತು. ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ.

ವರ್ಷ ತುಂಬುವುದರೊಳಗೆ ಅಮ್ಮ ನಿನ್ನನ್ನು ಕರೆದುಕೊಂಡು ಧಾರವಾಡಕ್ಕೆ ಹೋದರು. ಅಪ್ಪ ಆ ಮನೆ ಬಿಟ್ಟರು. ಹೊರಡುವ ದಿನ ಬಾಗಿಲಲ್ಲಿ ಅಮ್ಮ ನನ್ನ ಕೈ ಹಿಡಿದು, "ನೀ ಭಾಳ ಮಾಡೀದಿ ನನ್ನ ಕೂಸಿಗೆ" ಎಂದರು. ಅದನ್ನೂ ಕೇಳಿಸಿಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಸಾಯುವವರೆಗೂ ಬಾಯಿ ತೆರೆಯುತ್ತಿರಲಿಲ್ಲ ಎಂಬುದನ್ನೂ ನಿನಗೆ ಹೇಳಬೇಕು. ನನ್ನನ್ನು ಒಳ್ಳೆಯವಳೆಂದು ತಿಳಿಯಬೇಡ.

ಕಳೆದ ತಿಂಗಳು ನೀನು ವೆರ್ಣಾದ ನಮ್ಮ ಖೋಲಿಗೆ ಬಂದೆ. ಇಪ್ಪತ್ತೊಂದು ವರ್ಷದವನು, ಗಡ್ಡ ಬಿಟ್ಟಿದ್ದೆ, ಬಹಳ ಇಳಿದುಹೋಗಿದ್ದೆ. ಪಣಜಿಯಲ್ಲಿ ಓದಲು ಸೇರಿದ್ದೇನೆ, ನಿಮ್ಮನ್ನು ಹುಡುಕುತ್ತಿದ್ದೆ ಎಂದೆ. ನಾನು ಚಹಾ ಕೊಟ್ಟೆ. ನೀನು ಕಪ್ಪನ್ನು ನೋಡುತ್ತಾ ಹೇಳಿದೆ:

"ಶಾಂತಕ್ಕಾ, ನಾನ ಅಂದೆ ಅಕಿಗೆ. ನಿನಗ ಈಜು ಬರ್ತದಲ್ಲ, ಹಾರು, ಅಂಜುಬುರುಕಿ ಅಂತ. ಅಂದು ಬಾಲ್ ತರಲಿಕ್ಕೆ ಒಳಗ ಹೋದೆ. ಅಮ್ಮಗ ಇವತ್ತಿಗೂ ಹೇಳಿಲ್ಲ. ಅಕಿನ್ನ ಕೊಂದಾಂವ ನಾನು."

ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಆದರೂ ಏನೂ ಬೇಡವೆನಿಸುತ್ತದೆ ಎಂದೆ ನೀನು. ಸಾನುವನ್ನು ಬಲ್ಲ ಯಾರಿಗಾದರೂ ಒಮ್ಮೆ ಹೇಳಬೇಕಿತ್ತು ಎಂದೆ.

ಆಗ ನಾನು ಏನು ಹೇಳಿದೆ ನೆನಪಿದೆಯೇ? "ಚಹಾ ಆರಾಕತ್ತೈತಿ, ಕುಡಿ ಅಪ್ಪಾ." ಅಷ್ಟೇ. ಹನ್ನೊಂದು ವರ್ಷದ ಹಿಂದಿನ ಸುಳ್ಳಿಗಿಂತ ಈ ಮಾತು ದೊಡ್ಡ ಪಾಪ ಎಂದು ನನಗೆ ಅನ್ನಿಸುತ್ತದೆ. ಆ ಸುಳ್ಳು ಹೇಳುವಾಗ ಮುಂದೇನಾಗುತ್ತದೆಂದು ತಿಳಿದಿರಲಿಲ್ಲ. ಈಗ ಎಲ್ಲ ತಿಳಿದೂ ನಿನ್ನನ್ನು ಹಾಗೆಯೇ ಬಸ್ಸು ಹತ್ತಿಸಿದೆ.

ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ — ದಂಡೆ, ನಲ್ಲಿ, ಆಣೆ, ಎಲ್ಲ. ನೀನು ನನಗೆ ಹೇಳಿದ್ದನ್ನು ಮಾತ್ರ ಹೇಳಲಿಲ್ಲ, ಅದು ನಿನ್ನದು. ಅಮ್ಮ, "ರೋಹಿತ್‌ಗ ಹೇಳೀಯೇನು?" ಎಂದರು.

"ಇಲ್ರೀ ಅಕ್ಕಾರ."

"ಅವಗ ಮೊದಲ ಹೇಳಬೇಕಿತ್ತು" ಎಂದು ಫೋನ್ ಇಟ್ಟರು.

ಇಂಗ್ಲಿಷ್ ಶಾಲೆಯಲ್ಲಿ ಓದಿದ ನೀನು ಅಮ್ಮ ಕಲಿಸಿದ ಕನ್ನಡವನ್ನು ಇನ್ನೂ ಅಕ್ಷರ ಕೂಡಿಸಿ ಓದುತ್ತೀಯೇನೋ ಎಂದು ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ನೀನು ಹಾರು ಎಂದೆ — ಅವಳಿಗೆ ಈಜು ಬರುತ್ತದೆಂದು ನಂಬಿ ಎಂದೆ. ಆ ನಂಬಿಕೆಯನ್ನು ನಿಮ್ಮ ಮನೆಯಲ್ಲಿ ಹುಟ್ಟಿಸಿದವಳು ನಾನು. ಅವಳು ತನಗೆ ಈಜು ಬರುವುದಿಲ್ಲ ಎನ್ನದೆ ಹಾರಿದಳು. ಅವಳ ಬಾಯಿ ಕಟ್ಟಿದವಳೂ ನಾನು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಮತ್ತೆ ನಿನ್ನ ಮೇಲೆಯೇ ಒಂದು ಭಾರ ಹೊರಿಸಿದಂತೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಪಣಜಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ನೀನು ಏನು ಕೇಳಿದರೂ, ಎಷ್ಟು ಸಲ ಕೇಳಿದರೂ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.